ನಿಂತ ಗಾಡಿಗೆ ಕಾಲಂ ಇರಲಿಲ್ಲ

ಹನ್ನೊಂದು ವರ್ಷ ನಾನು ವಿಜಯಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆದೆ. ನಮ್ಮ ಕಡೆ ಇಂಥ ಕೆಲಸದವನಿಗೆ ದಿವಾನಜಿ ಅಂತಾರೆ. ಹೆಸರು ಕೇಳಿದರೆ ಅರಮನೆ ಕೆಲಸ ಅನಿಸಬೇಕು. ಇದ್ದದ್ದು ಎಪಿಎಂಸಿ ಹತ್ತಿರ ಒಂದು ಸಣ್ಣ ಕೋಣೆ, ಒಂದು ಟೇಬಲ್, ಬಾಡಿಗೆ ಸಿಗುತ್ತೇನೋ ಅಂತ ಕೂತ ನಾಲ್ಕೈದು ಡ್ರೈವರುಗಳು, ಮತ್ತೆ ಕೆಂಪು ಬಟ್ಟೆ ಅಂಟಿಸಿದ ಒಂದು ಉದ್ದನೆಯ ರಜಿಸ್ಟರು. ನಾನು ಸೇರಿದಾಗ ಊರಿನ ಹೆಸರು ಇನ್ನೂ ಬಿಜಾಪುರ. 2014ರಲ್ಲಿ ವಿಜಯಪುರ ಆಯಿತು. ಹಳೇ ಬಿಲ್ಟಿ, ಅಂದರೆ ಮಾಲಿನ ರಸೀದಿ ಪುಸ್ತಕಗಳ ಮೇಲೆ ಹೊಸ ಹೆಸರಿನ ರಬ್ಬರ್ ಸ್ಟ್ಯಾಂಪು ಹೊಡೆದವನು ನಾನೇ. ಡ್ರೈವರುಗಳ ಬಾಯಲ್ಲಿ ಮಾತ್ರ ಈಗಲೂ ಅದು ಬಿಜಾಪುರವೇ.

ಆ ರಜಿಸ್ಟರಿನ ಕಾಲಂಗಳು ಇವತ್ತಿಗೂ ನನಗೆ ಬಾಯಿಪಾಠ. ಗಾಡಿ ನಂಬರ್, ಡ್ರೈವರ್, ಎಲ್ಲಿಂದ, ಎಲ್ಲಿಗೆ, ಮಾಲು, ಟನ್ನು, ಬಿಟ್ಟ ತಾರೀಖು, ಮುಟ್ಟಿದ ತಾರೀಖು, ಕಿಲೋಮೀಟರು, ಡೀಸೆಲ್, ಅವರೇಜು, ಅಡ್ವಾನ್ಸು, ಬಾಟಾ (ದಿನದ ಭತ್ಯೆ), ಬಾಕಿ. ಒಟ್ಟು ಹದಿನಾಲ್ಕು. ಇದರಲ್ಲಿ ಒಂದು ಕಾಲಂ ಕಡಿಮೆ ಇದೆ ಅನ್ನೋದು ನನಗೆ ತಿಳಿಯಲು ಆರು ವರ್ಷ ಹಿಡಿಯಿತು. ಅದೂ ನನ್ನ ಜಾಣತನದಿಂದ ತಿಳಿದದ್ದಲ್ಲ.

ನಮ್ಮಲ್ಲಿ ಇಂಡಿ ತಾಲೂಕಿನ ಒಬ್ಬ ಹಿರಿಯ ಡ್ರೈವರ್ ಇದ್ದರು. ಎಲ್ಲರಿಗೂ ಅವರು ಕಾಕಾ, ಮಾಲಕರಿಗೂ ಕಾಕಾ. ಹತ್ತು ಗಾಲಿಯ ಗಾಡಿ ಅವರದು. ಒಂದು ಸಲ ಗೋವಿನಜೋಳ ಹೇರಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆ ಹೋದರು. ಅಲ್ಲಿ ಕೋಳಿ ಸಾಕಣೆ ದೊಡ್ಡ ಧಂದೆ, ನಮ್ಮ ಭಾಗದ ಜೋಳಕ್ಕೆ ಅಲ್ಲಿ ಗಿರಾಕಿ ಇದ್ದರು. ಹೊಸಪೇಟೆ, ಚಿತ್ರದುರ್ಗ, ಬೆಂಗಳೂರು, ಹೊಸೂರು, ಸೇಲಂ ದಾಟಿ ಹೋಗಬೇಕು. ಹೋಗಿ ಮುಟ್ಟಿದರು. ಗಾಡಿ ಖಾಲಿ ಆಗಲು ಮೂರು ದಿನ ಆಯಿತು. ಖಾಲಿ ಆದ ಕೂಡಲೇ ಮಾಲಕರ ಫೋನು. ಹೊಸೂರಲ್ಲಿ ವಾಪಸ್ ಲೋಡು ರೆಡಿ ಇದೆ, ಸಂಜೆಯೊಳಗೆ ಹೇರಿಕೊಂಡು ಬಾ. ಹೇರಿಕೊಂಡರು, ರಾತ್ರಿ ಬಿಟ್ಟರು. ಬೆಳಗಿನ ಜಾವ ಹಿರಿಯೂರಿನ ಹತ್ತಿರ ಗಾಡಿ ಡಿವೈಡರ್ ಹತ್ತಿತು. ಪುಣ್ಯಕ್ಕೆ ಬೇರೆ ಯಾರೂ ಸಿಗಲಿಲ್ಲ. ಕ್ಯಾಬಿನ್ ಎಡಭಾಗ ಹೋಯಿತು, ಕಾಕಾನ ಬಲಗಾಲು ಮುರಿಯಿತು.

ಸುದ್ದಿ ಬಂದಾಗ ಮಾಲಕರು ರಜಿಸ್ಟರು ತೆಗೆಸಿ ನೋಡಿದರು. ಮುಟ್ಟಿದ ತಾರೀಖು 11, ಅಲ್ಲಿಂದ ಬಿಟ್ಟ ತಾರೀಖು 14.

"ಮೂರ ದಿನ ಅಲ್ಲೇ ಮಲ್ಕೊಂಡಿದ್ದ ಕಾಕಾ. ಇನ್ನೂ ನಿದ್ದಿ ಸಾಲಲಿಲ್ಲೇನು?"

ನಾನೂ ಆ ಎರಡು ತಾರೀಖು ನೋಡಿ ಹೌದಲ್ಲ ಅಂದುಕೊಂಡೆ. ಬರೆದವನೇ ನಾನು, ನನ್ನ ಅಕ್ಷರವೇ ಸಾಕ್ಷಿ ಹೇಳುತ್ತಿತ್ತು.

ಹದಿನೈದು ದಿನದ ಮೇಲೆ ಕಾಕಾನನ್ನು ನೋಡಲು ಊರಿಗೆ ಹೋದೆ. ಕಾಲಿಗೆ ಪ್ಲಾಸ್ಟರ್ ಹಾಕಿ ಹೊರಗೆ ಕಟ್ಟೆ ಮೇಲೆ ಕೂರಿಸಿದ್ದರು. ಮಾತಿಗೆ ಮಾತು ಬಂದು, ಮೂರು ದಿನ ಆರಾಮ ಸಿಕ್ಕಿತ್ತಲ್ಲ ಕಾಕಾ, ಆದರೂ ಹೆಂಗೆ ಕಣ್ಣು ಹತ್ತಿತು ಅಂತ ಕೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ, ನಕ್ಕರು.

"ಮಲಗೂದಂದ್ರ ಏನಂತ ತಿಳದಿ ತಮ್ಮಾ? ಮುಂದಿನ ಗಾಡಿ ಸರದ್ರ ನಂದೂ ಸರೀಬೇಕು. ನಾ ಸರೀಲಿಲ್ಲಂದ್ರ ಹಿಂದಿನಾವ ನುಗ್ತಾನ. ಮೂರು ದಿನದಾಗ ಒಮ್ಮೆನೂ ಎರಡ ತಾಸ ಕೂಡೇ ಕಣ್ಣ ಮುಚ್ಚಿಲ್ಲ."

ಆಮೇಲೆ ಪೂರ್ತಿ ಹೇಳಿದರು. ಫ್ಯಾಕ್ಟರಿ ಗೇಟಿನಲ್ಲಿ ಟೋಕನ್ ಕೊಡುತ್ತಾರೆ, ನಿಮ್ಮ ಮುಂದೆ ನಲವತ್ತು ಗಾಡಿ. ಅರ್ಧ, ಮುಕ್ಕಾಲು ತಾಸಿಗೊಮ್ಮೆ ಸಾಲು ಮುಂದೆ ಜರುಗುತ್ತದೆ, ಹಗಲೂ ರಾತ್ರಿಯೂ. ಪಾಯಖಾನೆ ಇಲ್ಲ, ನೀರು ಅರ್ಧ ಕಿಲೋಮೀಟರು. ಗಾಡಿ ಬಿಟ್ಟು ಹೋದರೆ ಡೀಸೆಲ್ ಕದಿಯುವವರು ಇರುತ್ತಾರೆ, ತಾಡಪತ್ರಿ ಹಗ್ಗ ಕೊಯ್ಯುವವರು ಇರುತ್ತಾರೆ. ಕೊನೆಗೆ ಸರದಿ ಬಂದಾಗ ಸ್ಯಾಂಪಲ್ ತೆಗೆದು ಜೋಳದಲ್ಲಿ ಹಸಿ ಜಾಸ್ತಿ ಅಂದರು. ಜೋಳ ಕಳಿಸಿದ ಇಲ್ಲಿನ ಅಡತಿಗೂ ಕೊಳ್ಳುವ ಅಲ್ಲಿನ ಪಾರ್ಟಿಗೂ ಫೋನಿನಲ್ಲಿ ಒಂದು ದಿನ ಜಗಳ ನಡೆಯಿತು. ಜೋಳ ಕಾಕಾನದಲ್ಲ, ರೇಟು ಕಾಕಾನದಲ್ಲ, ನಿಲ್ಲುವವರು ಮಾತ್ರ ಕಾಕಾ. ಇಷ್ಟೂ ಹೊತ್ತು ನನ್ನ ರಜಿಸ್ಟರಿನಲ್ಲಿ ಅವರು ಸುಮ್ನೆ ಖಾಲಿ ಕೂತಿದ್ದರು.

ಮೊದಲಾದರೆ ಕ್ಲೀನರ್ ಇರುತ್ತಿದ್ದ. ಸಾಲಿನಲ್ಲಿ ಗಾಡಿ ಸರಿಸುವ ಕೆಲಸ ಅವನೇ ಮಾಡುತ್ತಿದ್ದ, ಡ್ರೈವರ್ ಹಿಂದಿನ ಬರ್ತಿನಲ್ಲಿ ಮಲಗುತ್ತಿದ್ದ. ಹಿಂದಿನ ವರ್ಷವೇ ನಮ್ಮ ಮಾಲಕರು ಖರ್ಚು ಜಾಸ್ತಿ ಅಂತ ಕ್ಲೀನರುಗಳನ್ನು ಬಿಡಿಸಿದ್ದರು. ಆ ಲೆಕ್ಕ ತೆಗೆದು ತೋರಿಸಿದವನೂ ನಾನೇ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಊರಿನಿಂದ ಬಂದ ಮೇಲೆ ರಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಹದಿನೈದನೇ ಕಾಲಂ ಹಾಕಿದೆ. ಹೆಸರು ಕೊಡಲಿಲ್ಲ. ಟ್ರಿಪ್ಪು ಮುಗಿಸಿ ಬಂದ ಡ್ರೈವರಿಗೆ ಚಹಾ ಹೇಳಿ, ಎಲ್ಲೆಲ್ಲಿ ಎಷ್ಟೆಷ್ಟು ತಾಸು ನಿಂತಿ ಅಂತ ಕೇಳುತ್ತಿದ್ದೆ. ಲೋಕಾಪುರ ಕಡೆ ಸಿಮೆಂಟ್ ಹೇರಲು ಒಂದು ರಾತ್ರಿ. ಇಳಕಲ್ಲಿನ ಗ್ರಾನೈಟ್ ಬ್ಲಾಕ್ ಹೇರಲು ಕ್ರೇನ್ ಬರುವ ತನಕ ಅರ್ಧ ದಿನ. ಅಮಾವಾಸ್ಯೆ ಅಂತ ಹಮಾಲರು ಬರಲಿಲ್ಲ, ಒಂದು ದಿನ. ನಗರದೊಳಗೆ ಹಗಲಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ, ರಾತ್ರಿ ಹತ್ತರ ತನಕ ಊರ ಹೊರಗೆ. ಇವೆಲ್ಲ ಕೂಡಿಸಿದಾಗ ಒಂದು ತಿಂಗಳಲ್ಲಿ ಒಂದೊಂದು ಗಾಡಿಯದು ಓಡಿದ ತಾಸಿಗಿಂತ ನಿಂತ ತಾಸೇ ಜಾಸ್ತಿ ಬಂತು. ನಾನು ಎರಡೆರಡು ಸಲ ಕೂಡಿಸಿ ನೋಡಿದೆ.

ಕಬ್ಬಿನ ಸೀಜನ್ನಿನಲ್ಲಂತೂ ಕೇಳಬೇಡಿ. ಮುಧೋಳ, ಜಮಖಂಡಿ, ಅಥಣಿ ಕಡೆ ಚಳಿಗಾಲದಲ್ಲಿ ಓಡಾಡಿದವರು ನೋಡಿಯೇ ಇರುತ್ತೀರಿ. ಫ್ಯಾಕ್ಟರಿ ಯಾರ್ಡು ತುಂಬಿ ಸಾಲು ರಸ್ತೆಗೆ ಬಂದಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ನಡುನಡುವೆ ಲಾರಿಗಳು, ಟ್ರೇಲರಿನ ಕೆಳಗೆ ಚಾದರ ಹೊದ್ದು ಮಲಗಿದ ಹುಡುಗರು. ಟ್ರ್ಯಾಕ್ಟರಿನಲ್ಲಿ ಹಾಡು ಅಷ್ಟು ಜೋರಾಗಿ ಯಾಕೆ ಹಾಕುತ್ತಾರೆ ಅಂತ ಊರವರು ಬೈಯುತ್ತಾರೆ. ಶೋಕಿ ಇರಬಹುದು, ಇಲ್ಲ ಅನ್ನೋದಿಲ್ಲ. ನನಗೆ ಗೊತ್ತಿದ್ದ ಒಬ್ಬ ಹುಡುಗ ಮಾತ್ರ ಹೇಳಿದ್ದು ಇಷ್ಟೇ, "ಹಾಡ ಬಂದ್ ಮಾಡಿದ್ರ ನಾನೂ ಬಂದ್ ಆಕ್ಕೇನ್ರಿ."

ಆಮೇಲೆ ಒಂದು ಚಟ ಹತ್ತಿತು, ಕಾನೂನು ಏನು ಹೇಳುತ್ತದೆ ನೋಡೋಣ ಅಂತ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಅಂತ ಒಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿ ಇದ್ದರೆ ದಿನಕ್ಕೆ 10, ವಾರಕ್ಕೆ 54ರ ತನಕ ಹೋಗಬಹುದಿತ್ತು. 5 ಗಂಟೆ ಕೆಲಸ ಮಾಡಿದರೆ ಅರ್ಧ ಗಂಟೆ ಬಿಡುವು. ವಾರಕ್ಕೊಂದು ರಜೆ. ಹೊತ್ತು ಮೀರಿದರೆ ಎರಡು ಪಟ್ಟು ಕೂಲಿ. ಇದನ್ನು ಆಫೀಸಿನಲ್ಲಿ ಜೋರಾಗಿ ಓದಿದಾಗ ಡ್ರೈವರುಗಳು ಹೊಟ್ಟೆ ಹಿಡಿದು ನಕ್ಕರು. ಒಬ್ಬನಂತೂ ಇದು ಯಾವ ದೇಶದ್ದು ಅಂತ ಕೇಳಿದ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಕೂಡ ಡ್ರೈವರ್ ಕೆಲಸದ ಹೊತ್ತಿಗೆ ಇದೇ ಕಾಯ್ದೆಯ ಕಡೆ ಬೆರಳು ತೋರಿಸುತ್ತದೆ. ಹಳೇ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು, ಅದು 2025ರ ನವೆಂಬರಿನಲ್ಲಿ ಜಾರಿಗೆ ಬಂತು, ಆ ಮಾತು ಬೇರೆ.

1961ರ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಅಂತ ಬರೆದದ್ದು. ನಮ್ಮ ಕಡೆ ಒಂದು ಗಾಡಿ, ಎರಡು ಗಾಡಿ ಇಟ್ಟವರೇ ಎಷ್ಟೋ ಜನ. ನಮ್ಮ ಮಾಲಕರ ಆರು ಗಾಡಿಗಳಲ್ಲಿ ಎರಡು ಹೆಂಡತಿ ಹೆಸರಲ್ಲಿ, ಎರಡು ತಮ್ಮನ ಹೆಸರಲ್ಲಿ ಇದ್ದವು. ಕಾಗದದ ಮೇಲೆ ಮೂರು ಸಣ್ಣ ಮಾಲಕರು, ಟೇಬಲ್ ಒಂದೇ.

ನಾನು ಹೇಳಬೇಕಾದದ್ದು ಇನ್ನೊಂದು ಸಾಲು. ಕೆಲಸದ ಹೊತ್ತು ಅಂದರೆ ಏನು ಅಂತ ಆ ಕಾಯ್ದೆ ಶುರುವಿನಲ್ಲೇ ಹೇಳಿತ್ತು. ಮಾಲಕನ ಕೈಕೆಳಗೆ ಇರುವ ಹೊತ್ತು ಅದು. ಗಾಡಿ ಓಡುವ ಹೊತ್ತು ಸೇರುತ್ತದೆ, ಹೇರುವುದು ಇಳಿಸುವುದು ಲೆಕ್ಕ ಬರೆಯುವುದು ಸೇರುತ್ತದೆ. ಕೊನೆಯ ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತೂ ಸೇರುತ್ತದೆ, ಆದರೆ ಅದು 15 ನಿಮಿಷಕ್ಕಿಂತ ಕಡಿಮೆ ಇದ್ದರೆ! ಬರೆದವರ ಕಣ್ಣ ಮುಂದೆ ಬಸ್ಸು ಇತ್ತು ಅನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಹೊರಡುವ ಬಸ್ಸು. ಟೋಕನ್ ಹಿಡಿದು ಮೂರು ದಿನ ನಿಲ್ಲುವ ಲಾರಿ ಆ ಸಾಲಿನೊಳಗೆ ಹಿಡಿಸೋದಿಲ್ಲ. ನನ್ನ ರಜಿಸ್ಟರಿನಲ್ಲಿ ಇಲ್ಲದ ಕಾಲಂ ಅಲ್ಲಿಯೂ ಸರಿಯಾಗಿ ಇರಲಿಲ್ಲ.

ರೊಕ್ಕದ ವಿಷಯಕ್ಕೆ ಬರೋಣ. ನಮ್ಮಲ್ಲಿ ಒಬ್ಬೊಬ್ಬ ಮಾಲಕರದು ಒಂದೊಂದು ಪದ್ಧತಿ. ಕೆಲವರು ಬಾಡಿಗೆಯಲ್ಲಿ ಇಷ್ಟು ಪರ್ಸೆಂಟ್ ಅಂತ ಕೊಡುತ್ತಾರೆ. ಕೆಲವರು ಟ್ರಿಪ್ಪಿಗೆ ಇಷ್ಟು ಅಂತ ಒಟ್ಟು ಕೈಗೆ ಕೊಟ್ಟು, ಡೀಸೆಲ್ಲು, ಟೋಲು, ಊಟ, ಪಂಕ್ಚರ್ ಎಲ್ಲ ನೀನೇ ನೋಡಿಕೋ, ಉಳಿದದ್ದು ನಿಂದು ಅಂತಾರೆ. ನಮ್ಮ ಆಫೀಸಿನಲ್ಲಿ ತಿಂಗಳ ಸಂಬಳ ಮತ್ತು ಬಾಟಾ. ಬಾಟಾ ದಿನದ ಲೆಕ್ಕ ಅಂತ ಹೆಸರಿಗೆ. ಆದರೆ ಯಾವ ಊರಿಗೆ ಎಷ್ಟು ದಿನ ಅನ್ನೋದು ಮೊದಲೇ ಗಟ್ಟಿ. ನಾಮಕ್ಕಲ್‌ಗೆ ಹೋಗಿ ಬರಲು ಐದು ದಿನದ ಬಾಟಾ. ಎಂಟು ದಿನ ಆದರೂ ಐದೇ. ಕಾಕಾ ಆ ಮೂರು ದಿನ ಉಂಡದ್ದು ತಮ್ಮ ರೊಕ್ಕದಿಂದ. ಅವರೇಜು ಕಡಿಮೆ ಬಂದರೆ ಡೀಸೆಲ್ ರೊಕ್ಕ ಡ್ರೈವರ್ ಬಾಕಿಯಲ್ಲಿ ಕಟ್ ಮಾಡುತ್ತಿದ್ದೆವು. ಸಾಲಿನಲ್ಲಿ ನಲವತ್ತು ಸಲ ಗಾಡಿ ಚಾಲೂ ಮಾಡಿ ಸರಿಸಿದರೆ ಡೀಸೆಲ್ ಸುಡುತ್ತದೆ ಅಲ್ವಾ, ಅದೂ ಅವರ ಮೇಲೆಯೇ.

ಹಿಂದೆ ಡ್ರೈವರ್ ಕೈಯಲ್ಲಿ ನಗದು ಓಡಾಡುತ್ತಿತ್ತು. ಟೋಲು, ಚೆಕ್‌ಪೋಸ್ಟು, ಹಮಾಲಿ, ದಾರಿಯಲ್ಲಿ ಕೈ ಚಾಚಿದವರಿಗೆಲ್ಲ ಕೊಟ್ಟು, ಖರ್ಚಿನ ಚೀಟಿಯಲ್ಲಿ ಇನ್ನೂರು ಮುನ್ನೂರು ಜಾಸ್ತಿ ಬರೆದು ಉಳಿಸಿಕೊಳ್ಳುತ್ತಿದ್ದರು. ಮಾಲಕರಿಗೂ ಗೊತ್ತು, ನನಗೂ ಗೊತ್ತು. ಅದು ಕಳ್ಳತನ ಅಂತ ಯಾರೂ ಅಂದುಕೊಂಡಿರಲಿಲ್ಲ, ಸಂಬಳ ಕಡಿಮೆ ಇಟ್ಟದ್ದೇ ಆ ಲೆಕ್ಕದ ಮೇಲೆ. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟು ಹೋದವು, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯಿತು, ಡೀಸೆಲ್ಲಿಗೆ ಕಾರ್ಡು ಬಂತು. ಒಳ್ಳೇದೇ ಆಯಿತು, ರಸ್ತೆಯಲ್ಲಿ ನಿಲ್ಲುವುದು ತಪ್ಪಿತು. ಡ್ರೈವರ್ ಜೇಬಿನ ಆ ಇನ್ನೂರು ಮುನ್ನೂರೂ ತಪ್ಪಿತು. ಸಂಬಳ ಮಾತ್ರ ಹಳೇ ಲೆಕ್ಕದಲ್ಲೇ ಉಳಿಯಿತು. ಟೋಲ್ ದಾಟಿದ ಕೂಡಲೇ ಮಾಲಕರ ಮೊಬೈಲಿಗೆ ಮೆಸೇಜು. ಮುಂದಿನ ಟೋಲಿನ ಮೆಸೇಜು ತಡ ಆದರೆ ಫೋನು.

ಮಾಲಕರನ್ನು ರಾಕ್ಷಸ ಮಾಡಿ ಬರೆಯುವುದು ಸುಲಭ. ನಮ್ಮ ಮಾಲಕರು ಹದಿನೆಂಟು ವರ್ಷ ತಾವೇ ಗಾಡಿ ಹೊಡೆದವರು. ಬ್ಯಾಂಕಿನ ಕಂತು ತಿಂಗಳ ಐದಕ್ಕೆ, ಪಾರ್ಟಿಯಿಂದ ಬಾಡಿಗೆ ಬರೋದು ಎರಡು ತಿಂಗಳ ಮೇಲೆ. ನಡುವೆ ಬ್ರೋಕರ್ ಕಮಿಷನ್, ಟೈರು, ಇನ್ಶೂರೆನ್ಸು. ಗಾಡಿ ನಿಂತರೆ ಅವರ ಎದೆಯೂ ನಿಲ್ಲುತ್ತಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಒಂದು ಮಾತು. ಗಾಡಿ ಜಾಸ್ತಿ ದಿನ ನಿಂತರೆ ಕೆಲವು ಪಾರ್ಟಿಗಳಿಂದ ಹಾಲ್ಟಿಂಗ್ ಅಂತ ದಿನಕ್ಕೆ ಇಷ್ಟು ವಸೂಲಿ ಮಾಡುತ್ತಿದ್ದೆವು. ಆ ರೊಕ್ಕ ಗಾಡಿಯ ಖಾತೆಗೆ ಜಮಾ ಆಗುತ್ತಿತ್ತು. ಕಬ್ಬಿಣ ನಿಂತದ್ದಕ್ಕೆ ಬಾಡಿಗೆ ಇತ್ತು, ಅದರೊಳಗೆ ಕೂತ ಮನುಷ್ಯನಿಗೆ ಇರಲಿಲ್ಲ. ಕಾಕಾನ ಆ ಟ್ರಿಪ್ಪಿನ ಹಾಲ್ಟಿಂಗ್ ಕೂಡ ಬಂದಿತ್ತು. ಆ ರೊಕ್ಕ ಗಾಡಿ ರಿಪೇರಿಗೆ ಹೋಯಿತು.

ಇನ್ನೊಂದು ತಮಾಷೆ. ಮಾಲಿನ ಜೊತೆ ಇ-ವೇ ಬಿಲ್ ಅಂತ ಕಾಗದ ಇರುತ್ತದಲ್ಲ, ಅದರ ಅವಧಿ 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕೂ ಮೊದಲು 100 ಕಿಲೋಮೀಟರಿಗೇ ಒಂದು ದಿನ ಇತ್ತು. ಅಂದರೆ ಕಾಗದದ ಲೆಕ್ಕದಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಮೂರು ದಿನ ಟೈಮಿದೆ. ನಮ್ಮ ಡ್ರೈವರ್ ಒಂದೇ ರಾತ್ರಿಯಲ್ಲಿ ಮುಟ್ಟುತ್ತಾನೆ, ಮುಟ್ಟಿ ಅಲ್ಲಿ ಗೇಟಿನ ಹೊರಗೆ ಎರಡು ದಿನ ನಿಲ್ಲುತ್ತಾನೆ. ಮೊದಲು ಮುಟ್ಟಿದವನಿಗೆ ಮೊದಲ ಟೋಕನ್, ಅದಕ್ಕೇ ಈ ಓಟ. ನಿಲ್ಲುವುದಕ್ಕಾಗಿಯೇ ಓಡುವುದು.

ಟ್ರೇನಿಂಗ್ ವಿಷಯ ಕೇಳಿದರೆ ಕಾಕಾ ತಮ್ಮ ಕ್ಲೀನರ್ ದಿನಗಳನ್ನು ಹೇಳುತ್ತಿದ್ದರು. ಮೊದಲ ವರ್ಷ ಗಾಡಿ ತೊಳೆಯುವುದು, ಸ್ಟೋವಿನ ಮೇಲೆ ಅನ್ನ ಮಾಡುವುದು. ಎರಡನೇ ವರ್ಷ ತಾಡಪತ್ರಿ ಕಟ್ಟುವುದು, ಕಬ್ಬಿಣದ ರಾಡಿನಿಂದ ಟೈರ್ ಬಡಿದು ಸಪ್ಪಳದ ಮೇಲೆ ಗಾಳಿ ಎಷ್ಟಿದೆ ಹೇಳುವುದು. ಹಿಂದೆ ನಿಂತು ಬರ್ಲಿ ಬರ್ಲಿ ಬರ್ಲಿ ಅಂತ ರಿವರ್ಸ್ ಹೇಳುವುದು. ಮೂರನೇ ವರ್ಷ ನಡುರಾತ್ರಿ ಖಾಲಿ ರಸ್ತೆಯಲ್ಲಿ ಉಸ್ತಾದ ಸ್ಟೇರಿಂಗ್ ಬಿಟ್ಟುಕೊಟ್ಟನಂತೆ. ಘಾಟು ಇಳಿಯುವ ಪಾಠ ಒಂದೇ ಮಾತು, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಗೇರು ಬಿಟ್ಟು ಬರೀ ಬ್ರೇಕಿನ ಮೇಲೆ ಇಳಿದರೆ ಲೈನರ್ ಕಾದು ಬ್ರೇಕೇ ಹಿಡಿಯೋದಿಲ್ಲ, ಗೋವಾಕ್ಕೆ ಚೋರ್ಲಾ ಘಾಟಿನಲ್ಲಿ ತರಕಾರಿ ಒಯ್ಯುವ ಬೆಳಗಾವಿ ಡ್ರೈವರುಗಳನ್ನು ಕೇಳಿ ನೋಡಿ. ಆ ಪಾಠದಲ್ಲಿ ಹೊಡೆತವೂ ಇತ್ತು, ಬೈಗುಳವೂ ಇತ್ತು. ಹದಿಮೂರು ವರ್ಷದ ಹುಡುಗರೂ ಕ್ಲೀನರ್ ಆಗಿದ್ದರು. ಅದನ್ನು ಚಿನ್ನದ ಕಾಲ ಅಂತ ನಾನು ಹೇಳೋದಿಲ್ಲ. ಆದರೆ ಮೂರು ವರ್ಷದ ಪಾಠ ಅದು, ಅದೂ ಭರ್ತಿ ಗಾಡಿಯಲ್ಲಿ.

ಕಾಗದದ ದಾರಿ ಬೇರೆ. ಮೊದಲು ಸಣ್ಣ ಗಾಡಿಯ ಲೈಸೆನ್ಸ್ ಒಂದು ವರ್ಷ ಹಳೇದಾಗಿರಬೇಕು, ವಯಸ್ಸು 20 ಆಗಿರಬೇಕು. ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದರು. ಅದು ಸರಿಯಾದ ಕೆಲಸ, ಓದು ಬಾರದ ಎಷ್ಟೋ ಒಳ್ಳೇ ಡ್ರೈವರುಗಳನ್ನು ನಾನು ಕಂಡಿದ್ದೇನೆ. ಡ್ರೈವಿಂಗ್ ಸ್ಕೂಲಿನಲ್ಲಿ ಸಾರಿಗೆ ವಾಹನಕ್ಕೆ ಕಡಿಮೆ ಅಂದರೆ 30 ದಿನ, ಅದರಲ್ಲಿ ಗಾಡಿ ಓಡಿಸುವುದು 15 ಗಂಟೆ ಅಂತ ನಿಯಮ. 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಅಂತ ಬಂದವು, ಅಲ್ಲಿ ದೊಡ್ಡ ಗಾಡಿಗೆ 6 ವಾರದಲ್ಲಿ 38 ಗಂಟೆ. ಸಿಮ್ಯುಲೇಟರ್ ಇರುತ್ತದೆ. ಒಳ್ಳೇದು. ಆದರೆ ನಾನು ಕಂಡ ಸ್ಕೂಲುಗಳಲ್ಲಿ ಕಲಿಸುವ ಗಾಡಿ ಖಾಲಿ ಇರುತ್ತದೆ. ಇಪ್ಪತ್ತು ಟನ್ನು ಬೆನ್ನ ಮೇಲೆ ಇದ್ದಾಗ ಬ್ರೇಕ್ ಒತ್ತಿದರೆ ಎಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಲೋಡು ಹೆಂಗೆ ಎಳೆಯುತ್ತದೆ ಅನ್ನೋದು ಖಾಲಿ ಗಾಡಿಯಲ್ಲಿ ಗೊತ್ತಾಗೋದಿಲ್ಲ. ಆ ಹುಡುಗ ಅದನ್ನು ಮೊದಲ ಸಲ ಕಲಿಯುವುದು ಸಂಬಳಕ್ಕೆ ಸೇರಿದ ಮೇಲೆ, ಒಬ್ಬನೇ ಇದ್ದಾಗ. ಪಕ್ಕದ ಸೀಟಿನಲ್ಲಿ ಈಗ ಉಸ್ತಾದನೂ ಇಲ್ಲ, ಕ್ಲೀನರೂ ಇಲ್ಲ.

ಹಳಬರಿಗೂ ಹೊಸ ಕಷ್ಟ ಇದೆ. 2020ರಿಂದ ಹೊಗೆಯ ಹೊಸ ನಿಯಮದ ಬಿಎಸ್ 6 ಗಾಡಿಗಳು ಬಂದವು. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿನಲ್ಲಿ ಒಂದು ದ್ರಾವಣ ಹಾಕಬೇಕು, ಡ್ರೈವರುಗಳು ಅದಕ್ಕೆ ಯೂರಿಯಾ ಅಂತಾರೆ. ಅದು ಮುಗಿದರೆ ಎಂಜಿನ್ ತಾನೇ ಪಿಕಪ್ ಕಡಿಮೆ ಮಾಡಿಕೊಳ್ಳುತ್ತದೆ. ನಮ್ಮ ಒಬ್ಬ ಡ್ರೈವರ್ ಮಾಲು ಸಮೇತ ಕೊಲ್ಹಾರದ ಸೇತುವೆ ಹತ್ತಿರ ನಿಂತು, ಗಾಡಿಗೆ ಏನೋ ಮಾಟ ಆಗಿದೆ ಅಂತ ಫೋನ್ ಮಾಡಿದ್ದ. ನಕ್ಕೆವು. ಮೀಟರಿನ ದೀಪಗಳು ಏನೇನು ಅಂತ ಅವನಿಗೆ ಯಾರೂ ಒಂದು ದಿನವೂ ಕೂರಿಸಿ ಹೇಳಿರಲಿಲ್ಲ.

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಾತ್ರ, ಗಾಡಿಯೊಳಗಿನ ಯಂತ್ರ ಬರೆದುಕೊಳ್ಳುತ್ತದೆ. ನಮ್ಮಲ್ಲಿಯೂ ಪೈಲಟ್‌ಗಳ ಹಾಗೆ ಟ್ರಕ್ ಡ್ರೈವರಿಗೆ ಗಂಟೆ ನಿಗದಿ ಆಗಬೇಕು, ನಿದ್ದೆ ಹಿಡಿಯುವ ಸೆನ್ಸರ್ ಹಾಕಬೇಕು ಅಂತ 2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಹೇಳಿದ್ದರು. 2025ರಲ್ಲಿ ಹೊಸದಾಗಿ ತಯಾರಾಗುವ ದೊಡ್ಡ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವೂ ಆಯಿತು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಪಕ್ಕ ಕೂತವರಿಗೆ ಇದು ದೊಡ್ಡ ಮಾತು, ನಾನು ಹಗುರ ಮಾಡೋದಿಲ್ಲ. ಸಾಲಿನಲ್ಲಿ ನಿಂತಾಗ ಎಸಿ ಚಾಲೂ ಇಟ್ಟರೆ ಆ ಡೀಸೆಲ್ ಯಾರ ಖಾತೆಗೆ ಅಂತ ಮಾತ್ರ ದಿವಾನಜಿ ಬುದ್ಧಿ ಕೇಳುತ್ತದೆ. ಸೆನ್ಸರ್ ಬಂದರೂ ಅಷ್ಟೇ. ಕಣ್ಣು ಮುಚ್ಚಿದಾಗ ಅದು ಪೀಂ ಅನ್ನಬಹುದು, ಹಿಂದಿನ ಮೂರು ರಾತ್ರಿ ಅವನು ಎಲ್ಲಿ ನಿಂತಿದ್ದ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಡ್ರೈವರುಗಳೇ ಸಿಗ್ತಿಲ್ಲ ಅಂತ ಈಗ ಎಲ್ಲ ಮಾಲಕರೂ ಗೋಳಾಡುತ್ತಾರೆ. ಡ್ರೈವರಿಗೆ ಹೆಣ್ಣು ಕೊಡೋದಿಲ್ಲ, ಹುಡುಗರು ಬರೋದಿಲ್ಲ. ಕಾಕಾನ ಮಗ ಪುಣೆಯಲ್ಲಿ ಪಾರ್ಸೆಲ್ ಹಂಚುತ್ತಾನೆ. ಕಾಕಾ ಕಾಲು ಸರಿ ಆದ ಮೇಲೆ ಮತ್ತೆ ದೊಡ್ಡ ಗಾಡಿ ಹತ್ತಲಿಲ್ಲ. ಇಂಡಿಯಿಂದ ನಿಂಬೆಹಣ್ಣು ತರುವ ಸಣ್ಣ ಟೆಂಪೋ ಹೊಡೆಯುತ್ತಾರೆ, ರಾತ್ರಿ ಮನೆಗೆ ಬರುತ್ತಾರೆ.

ನಾನೂ ಆ ಕೆಲಸ ಬಿಟ್ಟು ಜೆರಾಕ್ಸ್ ಅಂಗಡಿ ಹಾಕಿದ್ದೇನೆ. ಹೋದ ತಿಂಗಳು ಹಳೇ ಆಫೀಸಿಗೆ ಯಾವುದೋ ಕಾಗದ ಕೊಡಲು ಹೋಗಿದ್ದೆ. ನನ್ನ ಜಾಗದಲ್ಲಿ ಒಬ್ಬ ಬಿಕಾಂ ಹುಡುಗ, ರಜಿಸ್ಟರು ಇಲ್ಲ, ಕಂಪ್ಯೂಟರು. ಪರದೆಯ ಮೇಲೆ ನಕಾಶೆ, ನಕಾಶೆಯ ಮೇಲೆ ಹಸಿರು ಚುಕ್ಕಿ, ಕೆಂಪು ಚುಕ್ಕಿ. ಪಕ್ಕದಲ್ಲಿ ಕಾಲಂಗಳು. ಕೊನೆಯ ಕಾಲಂ ಮೇಲೆ ಹಾಲ್ಟ್ ಅಂತ ಬರೆದಿತ್ತು. ಒಂದು ಗಾಡಿಯ ಮುಂದೆ 31 ಗಂಟೆ 20 ನಿಮಿಷ ಅಂತ, ನಿಮಿಷದ ಲೆಕ್ಕ! ನನಗೆ ಖುಷಿ ತಡೆಯಲಿಲ್ಲ. ಇದನ್ನು ಯಾರು ಹಾಕಿಸಿದ್ದು ತಮ್ಮಾ ಅಂತ ಕೇಳಿದೆ.

"ಮಾಲಕ್ರು ಹಾಕ್ಸ್ಯಾರ್ರೀ. ಪಾರ್ಟಿಗೆ ಹಾಲ್ಟಿಂಗ್ ಬಿಲ್ ಹಚ್ಚಾಕ ಬೇಕಾಕೈತಿ."

"ಡ್ರೈವರ್‌ಗ ಏನೂ ಇಲ್ಲೇನು ಇದರಾಗ?"

ಹುಡುಗ ನನ್ನ ಮುಖ ನೋಡಿದ. ಪ್ರಶ್ನೆಯೇ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ.

"ಡ್ರೈವರ್‌ಗ ಏನ್ರೀ? ಅವ ಮಲ್ಕೊಂಡಿರ್ತಾನಲ್ರೀ."